ಉಮ್ಮನಿಗೂ ಒಂದು ಚಾನ್ಸ್

ಪೋಂ, ಪೋಂ, ಪೋಂ. ಪಾಣೆಮಂಗಳೂರಿನ ಹಳೆಯ ಸೇತುವೆಯ ಕಡೆಯಿಂದ ಮೀನಿನ ಸ್ಕೂಟರಿನ ರಬ್ಬರ್ ಹಾರ್ನ್ ಕೇಳಿದರೆ ಓಣಿಯ ಬೆಕ್ಕುಗಳೆಲ್ಲ ಒಟ್ಟಿಗೇ ಏಳುತ್ತವೆ. ಸಾಲಿಹಾಳ ಹೊಲಿಗೆ ಯಂತ್ರ ನಿಲ್ಲುತ್ತದೆ. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ತಲೆಗೆ ಶಾಲು ಎಳೆದುಕೊಂಡು, ಬಟ್ಟಲು ಹಿಡಿದು ಅವಳು ಗೇಟಿಗೆ ಬರುತ್ತಾಳೆ. ಶಾಲಿನ ತುದಿ ಹಿಡಿದುಕೊಂಡು ಹಿಂದೆಯೇ ಬರುತ್ತಾಳೆ ಮಗಳು ಶಹಲಾ.

"ಇವತ್ತು ರಾಣಿಗೆ ಎಂತ ಬೇಕು?"

ಮೀನಿನ ಅಬ್ದುಲ್ ರವೂಫ್ ಕೇಳುವುದು ಯಾವಾಗಲೂ ಮಗುವನ್ನೇ. ಶಹಲಾ ಶಾಲನ್ನು ಜಗ್ಗುತ್ತಾಳೆ. ಸಾಲಿಹಾ ಬಗ್ಗುತ್ತಾಳೆ. ಕಿವಿಯೊಳಗೆ ಬಿಸಿ ಉಸಿರಿನಂಥ ಒಂದು ಪಿಸುಮಾತು ಇಳಿಯುತ್ತದೆ.

"ಬಂಗುಡೆ ಅಂತೆ. ಕಣ್ಣು ಕೆಂಪಾದದ್ದು ಬೇಡವಂತೆ."

"ಕಣ್ಣಿನ ಮಾತು ಅವಳದ್ದಾ, ನಿನ್ನದಾ?"

"ನಮ್ಮಿಬ್ಬರದ್ದೂ ಒಂದೇ, ರವೂಫಾಕ. ನೀವು ತೂಗಿ."

ಕಳೆದ ವರ್ಷದವರೆಗೆ ಎಲ್ಲ ಕಡೆಯೂ ಅದು ಹಾಗೆಯೇ ಇತ್ತು. ಶಹಲಾಳ ಮಾತು ಸಾಲಿಹಾಳ ಕಿವಿಗೆ ಹೋಗಿ, ಸಾಲಿಹಾಳ ಬಾಯಿಂದ ಲೋಕಕ್ಕೆ ಬರುತ್ತಿತ್ತು. ಅಂಗಡಿಯವನಿಗೆ ಯಾವ ಮಿಠಾಯಿ, ಡಾಕ್ಟರಿಗೆ ಎಲ್ಲಿ ನೋವು, ಮದರಸದ ಉಸ್ತಾದರಿಗೆ ಯಾವ ಪಾಠ ಕಲಿತಾಯಿತು, ಎಲ್ಲವನ್ನೂ ಹೇಳುತ್ತಿದ್ದವಳು ತಾಯಿ. ಮನೆಯಲ್ಲಿ ಇದ್ದದ್ದೇ ಇಬ್ಬರು. ಗಂಡ ಝಕರಿಯಾ ಗಲ್ಫಿನಲ್ಲಿ, ಜುಬೈಲಿನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಎರಡು ವರ್ಷಕ್ಕೊಮ್ಮೆ ರಜೆ. ಬಾಗಿಲು ಹಾಕಿದರೆ ಸಾಕು, ಶಹಲಾ ಮಾತಾಡುತ್ತಿದ್ದಳು. ಸ್ನಾನದ ಮನೆಯಿಂದ ಮಾತಾಡುತ್ತಿದ್ದಳು, ಗೋಡೆಯ ಹಲ್ಲಿಯ ಜೊತೆ ಜಗಳವಾಡುತ್ತಿದ್ದಳು, ಗುಂಡಿಗಳ ಡಬ್ಬಿ ಸುರಿದುಕೊಂಡು ಒಂದೊಂದು ಗುಂಡಿಗೂ ಮದುವೆ ಮಾಡಿಸುತ್ತಿದ್ದಳು. ಹೊಸ್ತಿಲ ಮೇಲೆ ಯಾರದ್ದಾದರೂ ನೆರಳು ಬಿದ್ದರೆ ನಲ್ಲಿ ತಿರುಗಿಸಿದಂತೆ ಎಲ್ಲ ನಿಂತುಹೋಗುತ್ತಿತ್ತು.

ಫೋನಿನ ಪರದೆಯಲ್ಲಿ ತಂದೆಯ, ಅವಳ ಉಪ್ಪನ, ಮುಖ ಕಂಡರೂ ಹಾಗೆಯೇ. ತಾಯಿಯ ತೋಳಿನ ಹಿಂದೆ ಮುಖ ಅಡಗಿಸಿ ಒಂದು ಕಣ್ಣು ಮಾತ್ರ ತೋರಿಸುತ್ತಿದ್ದಳು.

"ಅವಳ ಸ್ವರ ಹೇಗುಂಟು ಮಾರಾಯ್ತಿ ಈಗ?" ಎಂದು ಝಕರಿಯಾ ಕೇಳುತ್ತಿದ್ದ.

"ನನ್ನ ಹಾಗೆಯೇ."

"ಹಾಗಾದ್ರೆ ಜುಬೈಲಿಗೆ ಫೋನ್ ಇಲ್ಲದೆಯೂ ಕೇಳ್ಬೇಕಿತ್ತಲ್ಲ."

ಅವನು ನಗುತ್ತಿದ್ದ. ಸಾಲಿಹಾ ಕೂಡ ನಗುತ್ತಿದ್ದಳು. ಆದರೆ ಫೋನ್ ಇಟ್ಟ ಮೇಲೆ ಅವಳಿಗೆ ಬೇಸರವಾಗುತ್ತಿರಲಿಲ್ಲ. ನಾಲ್ಕು ಮಂದಿ ಅಕ್ಕತಂಗಿಯರ ನಡುವೆ ಬೆಳೆದ ಅವಳಿಗೆ ತನ್ನದೇ ಎನ್ನುವ ಬಾಚಣಿಗೆ ಕೂಡ ಇರಲಿಲ್ಲ. ಅಂಗಿ ಅಕ್ಕನದ್ದು, ಚಾಪೆಯ ಅರ್ಧ ತಂಗಿಯದ್ದು. ಮದುವೆಯಾದ ಮನೆಯಲ್ಲಿ ಅವಳ ದೊಡ್ಡ ಗಂಟಲಿಗೆ ಕೆಟ್ಟ ಹೆಸರು ಬಂದಿತ್ತು. ಈಗ ಒಂದು ಇಡೀ ಸ್ವರ, ಬೇರೆ ಯಾರೂ ಕೇಳದ್ದು, ಅವಳೊಬ್ಬಳದ್ದಾಗಿತ್ತು.

ಅದು ಕಾಯಿಲೆಯೆಂದು ಅವಳಿಗೆ ಹೇಗೆ ಹೊಳೆಯಬೇಕು? ಮದುವೆ ಹಾಲ್‌ಗಳಲ್ಲಿ ಹೆಂಗಸರು ಮಗುವಿನ ಗಲ್ಲ ಹಿಡಿದು, "ಎಂಥ ಅದಬು! ನಮ್ಮದು ಉಂಟು, ಬಾಯಿ ಮುಚ್ಚಿದ್ರೆ ಜ್ವರ ಬಂತಾಂತ ನೋಡ್ಬೇಕು" ಎನ್ನುತ್ತಿದ್ದರು. ಸುಮ್ಮನಿರುವ ಹೆಣ್ಣುಮಗುವೆಂದರೆ ಅದಬು, ಒಳ್ಳೆಯ ನಡತೆ, ಕಲಿಸಿ ಬೆಳೆಸಿದ ಗುರುತು. ಸಾಲಿಹಾ ಆ ಮಾತನ್ನು ಮನೆಗೆ ತಂದು ಮಡಚಿ ಇಟ್ಟುಕೊಳ್ಳುತ್ತಿದ್ದಳು.

ಶಾಲೆಯಲ್ಲಿ ಮಾತ್ರ ಅದನ್ನು ಯಾರೂ ಹೊಗಳಲಿಲ್ಲ. ಎರಡನೇ ಕ್ಲಾಸಿನ ಟೀಚರ್ ಕರೆಸಿ ಹೇಳಿದರು: "ಮನೆಯಲ್ಲಿ ಬ್ಯಾರಿ, ಓಣಿಯಲ್ಲಿ ತುಳು, ಇಲ್ಲಿ ಕನ್ನಡ. ಮಗುವಿಗೆ ಗೊಂದಲ ಆಗ್ತದೆ. ಮನೆಯಲ್ಲಿಯೂ ಕನ್ನಡವನ್ನೇ ಮಾತಾಡಿ, ಸರಿಯಾಗ್ತದೆ."

ಈ ಊರಿನಲ್ಲಿ ಕನ್ನಡವೆಂದರೆ ಶಾಲೆ, ಬ್ಯಾಂಕು, ತಾಲೂಕು ಆಫೀಸು. ಸಾಲಿಹಾ ಅಷ್ಟೇ ಗೌರವದಿಂದ ಅದನ್ನು ಅಡಿಗೆಮನೆಗೆ ತಂದಳು. "ಮಗಳೇ, ಊಟ ಸಿದ್ಧವಾಗಿದೆ. ಕೈಗಳನ್ನು ತೊಳೆದುಕೊಂಡು ಬಾ" ಎಂದಳು. ಶಹಲಾ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಮನೆಯಲ್ಲಿಯೂ ಮಾತು ಕಡಿಮೆಯಾಯಿತು. ಗುಂಡಿಗಳ ಮದುವೆ ನಿಂತಿತು. ಮನೆಯು ಶಾಲೆಯ ಇನ್ನೊಂದು ಕೋಣೆಯಾಗಿತ್ತು.

ಆಮೇಲೆ ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಸಾಲಿಹಾ ಹೋದಾಗ ಶಹಲಾ ಒದ್ದೆ ಲಂಗದಲ್ಲಿ ಬೆಂಚಿನ ತುದಿಗೆ ಕೂತಿದ್ದಳು. ಮಕ್ಕಳನ್ನೆಲ್ಲ ಹೊರಗೆ ಆಟಕ್ಕೆ ಕಳಿಸಿದ್ದರು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಮಗುವೇ ಬ್ಯಾರಿಯಲ್ಲಿ ಹೇಳಿತು: "ಹೋಗ್ಲಾ ಅಂತ ಕೇಳ್ಬೇಕು ಅಂತ ಇತ್ತು ಉಮ್ಮ. ಒಳಗೊಳಗೇ ತುಂಬ ಸಲ ಕೇಳಿದೆ. ಹೊರಗೆ ಬರ್ಲಿಲ್ಲ."

ಮಗುವನ್ನು ಒಮ್ಮೆ ತೋರಿಸಿ ಎಂದು ಮುಖ್ಯೋಪಾಧ್ಯಾಯಿನಿ ಕೊಟ್ಟ ಫೋನ್ ನಂಬರು ಮೂಡುಬಿದಿರೆಯದ್ದು.

ಶನಿವಾರ ಮಧ್ಯಾಹ್ನ ಸಿದ್ದಕಟ್ಟೆಯ ಮೂಲಕ ಹೋಗುವ ಬಸ್ಸು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲೆಲ್ಲಿಯದ್ದೋ ಕನ್ನಡ ಮಾತಾಡುವ ಕಾಲೇಜು ಮಕ್ಕಳ ನಡುವೆ ದಾರಿ ಮಾಡಿಕೊಂಡು, ಕನ್ನಡಕದ ಅಂಗಡಿಯ ಮೇಲಿನ ಮಹಡಿಗೆ ಹತ್ತಬೇಕು. ಅಲ್ಲಿ ಹಸಿರು ಚಾಪೆ ಹಾಸಿದ ಒಂದು ಕೋಣೆ. ಮಕ್ಕಳ ಮನಸ್ಸಿನ ಚಿಕಿತ್ಸೆ ಮಾಡುವವಳು ವಿಸ್ಮಿತಾ, ಬೆಳುವಾಯಿಯ ಹುಡುಗಿ. ಡಾಕ್ಟರೆಂದರೆ ಬಿಳಿ ಕೋಟು ಎಂದುಕೊಂಡಿದ್ದ ಸಾಲಿಹಾಳಿಗೆ ನೀಲಿ ಕುರ್ತಾ ತೊಟ್ಟ, ಕೂದಲಿಗೆ ಚಿಟ್ಟೆಯ ಕ್ಲಿಪ್ಪು ಸಿಕ್ಕಿಸಿದ ಈ ಹುಡುಗಿಯನ್ನು ಕಂಡು ಸ್ವಲ್ಪ ನಿರಾಸೆಯಾಯಿತು. ಕುರ್ತಾದ ಎಡತೋಳಿನ ಹೊಲಿಗೆ ಎಳೆದುಕೊಂಡಿತ್ತು. ಸಾಲಿಹಾಳ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

ವಿಸ್ಮಿತಾ ಮಗುವಿನ ಹತ್ತಿರ ಹೆಸರನ್ನೂ ಕೇಳಲಿಲ್ಲ.

"ಇದು ಹಠ ಅಲ್ಲ, ಅದಬೂ ಅಲ್ಲ," ಎಂದಳು ತಾಯಿಯ ಹತ್ತಿರ ನಿಧಾನವಾಗಿ. "ಹೆದರಿಕೆ. ಹೊರಗಿನವರು ಇದ್ರೆ ಅದು ಗಂಟಲಲ್ಲಿ ಕೂತ್ಕೊಳ್ತದೆ. ಮಾತಾಡು, ಮಾತಾಡು ಅಂತ ಹೇಳಿದಷ್ಟೂ ಗಟ್ಟಿಯಾಗ್ತದೆ. ಒಂದು ಕೆಲಸ ಮಾಡುವ. ಮನೆಯಲ್ಲಿ ನಿಮ್ಮ ಭಾಷೆಯನ್ನೇ ಮಾತಾಡಿ. ಇಲ್ಲಿಯೂ ಅಷ್ಟೇ. ನೀವಿಬ್ಬರು ಆಟ ಆಡಿ, ನಾನು ಹೊರಗಿರ್ತೇನೆ."

"ಅಷ್ಟೇಯಾ?"

"ಅಷ್ಟೇ. ಸ್ವಲ್ಪ ಸ್ವಲ್ಪ ನಾನು ಒಳಗೆ ಬರ್ತೇನೆ. ಸ್ವಲ್ಪ ಸ್ವಲ್ಪ ನೀವು ಹೊರಗೆ ಹೋಗ್ತೀರಿ."

ಎರಡನೆಯ ಮಾತು ಸಾಲಿಹಾಳಿಗೆ ಅಂದು ಸರಿಯಾಗಿ ಕೇಳಿಸಲಿಲ್ಲ.

ಅವಳು ಮನೆಯ ಗುಂಡಿ ಡಬ್ಬಿಯನ್ನೇ ತಂದಳು. ಚಾಪೆಯ ಮೇಲೆ ಮತ್ತೆ ಮದುವೆಗಳು ಶುರುವಾದವು. ಮೊದಲ ವಾರಗಳಲ್ಲಿ ವಿಸ್ಮಿತಾ ಮುಚ್ಚಿದ ಬಾಗಿಲಿನ ಆಚೆ ಇದ್ದಳು. ಆಮೇಲೆ ಬಾಗಿಲು ಅರ್ಧ ತೆರೆಯಿತು. ಆಮೇಲೆ ಅವಳು ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತು ಏನೋ ಬಣ್ಣ ಹಚ್ಚುತ್ತಿದ್ದಳು. ಶಹಲಾಳ ಸ್ವರ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. ಒಂದು ಶನಿವಾರ ವಿಸ್ಮಿತಾ ಚಾಪೆಯ ಅಂಚಿಗೆ ಬಂದು ಕೂತು, "ಈ ಕೆಂಪು ಗುಂಡಿಗೆ ವರ ಸಿಗ್ಲಿಲ್ಲ" ಎಂದು ಯಾರಿಗೂ ಅಲ್ಲದಂತೆ ಹೇಳಿದಳು.

ಗುಂಡಿ ಚಾಪೆಯ ಮೇಲೆ ಒಂದು ಸುತ್ತು ಉರುಳಿತು. ಆಮೇಲೆ ಶಹಲಾ, ತಾಯಿಯ ಕಿವಿಗಲ್ಲ, ನೇರ ಚಾಪೆಗೆ ಹೇಳಿದಳು: "ಅದು ಗಂಡು."

ಸಾಲಿಹಾಳ ಕಣ್ಣು ತುಂಬಿತು. ಸಂತೋಷಕ್ಕೆಂದೇ ಅವಳು ತಿಳಿದುಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತ ಮೇಲೆ, ಸಂತೋಷವಾದರೆ ಹೀಗೆ ಹೊಟ್ಟೆಯ ಒಳಗೆ ಯಾಕೆ ಉರಿಯುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ.

ಮುಂದಿನ ವಾರಗಳಲ್ಲಿ ವಿಸ್ಮಿತಾ ಅವಳನ್ನು ಹೊರಗಿನ ಬೆಂಚಿಗೆ ಕಳಿಸಿದಳು. ಮೊದಲು ಐದು ನಿಮಿಷ, ಆಮೇಲೆ ಇನ್ನೂ ಹೆಚ್ಚು. ಬಾಗಿಲಿನ ಆಚೆಯಿಂದ ಮಗಳ ಸ್ವರ ಬರುತ್ತಿತ್ತು. ಅವಳು ವಿಸ್ಮಿತಾಳಿಗೆ ಬ್ಯಾರಿ ಕಲಿಸುತ್ತಿದ್ದಳು. ವಿಸ್ಮಿತಾಳ ನಾಲಿಗೆ ಹೊರಳದಾಗ ನಗುತ್ತಿದ್ದಳು. ಆ ನಗು ಮೆಟ್ಟಿಲಿಳಿದು ಕನ್ನಡಕದ ಅಂಗಡಿಯವರೆಗೆ ಹೋಯಿತು. ನಮ್ಮ ಭಾಷೆಯನ್ನೂ ಕೊಟ್ಟಾಯಿತಲ್ಲ ಎಂದುಕೊಂಡಳು ಸಾಲಿಹಾ.

ಒಂದು ದಿನ ಒಳಗಿನಿಂದ ಬೇರೆಯದೇ ಸ್ವರ ಕೇಳಿತು. ದೊಡ್ಡ ಗಂಟಲಿನದ್ದು, ಕೈ ಬೀಸಿ ಮಾತಾಡುವವರದ್ದು. "ರವೂಫಾಕ, ಇದು ಮೀನಾ, ಮೀನಿನ ಅಜ್ಜನಾ? ನನ್ನ ಮಗಳಿಗೆ ಹಸಿವಾಗಿದೆಯಂತೆ! ನನ್ನ ಮಗಳಿಗೆ ನಿದ್ದೆ ಬಂದಿದೆಯಂತೆ!" ವಿಸ್ಮಿತಾ ನಕ್ಕಳು. ಆಮೇಲೆ ಶಹಲಾ ತನ್ನ ಸ್ವಂತ ಸ್ವರದಲ್ಲಿ, "ನನಗೆ ನಿದ್ದೆ ಬಂದಿರ್ಲೇ ಇಲ್ಲ" ಎಂದಳು.

ಮಗಳು ಆಡಿ ತೋರಿಸಿದ್ದು ತನ್ನನ್ನೇ. ಬೆಂಚಿನ ಮೇಲೆ ಸಾಲಿಹಾ ಶಾಲನ್ನು ಸರಿಪಡಿಸಿಕೊಂಡಳು. ಎದುರಿನ ಗೋಡೆಯಲ್ಲಿ ಕೈ ತೊಳೆಯುವ ಚಿತ್ರವಿತ್ತು. ಅದನ್ನೇ ನೋಡಿದಳು.

"ಇವತ್ತು ಮಿಸ್ ಹತ್ರ ಎಂತ ಮಾತಾಡಿದೆ?" ಎಂದು ಬಸ್ಸಿನಲ್ಲಿ ಕೇಳಿದಳು.

"ಎಂತ ಇಲ್ಲ."

ಶಹಲಾ ಅವಳಿಂದ ಬಚ್ಚಿಟ್ಟ ಮೊದಲನೆಯ ಮಾತು ಅದು. ವಿಸ್ಮಿತಾಳಿಗೆ ಫೋನ್ ಮಾಡಿ ಕೇಳಿದರೆ ಅವಳೂ, "ಅದು ಅವಳದ್ದು ಸಾಲಿಹಾಕ್ಕ. ಅವಳಿಗೆ ಹೇಳ್ಬೇಕು ಅಂತ ಆದಾಗ ಹೇಳ್ತಾಳೆ" ಎಂದಳು. ಅವಳದ್ದು! ಹೆತ್ತವಳಿಗೆ ಹೇಳುವ ಮಾತೇ ಅದು? ಆ ವಾರ ಶಹಲಾ ಚಿಟ್ಟೆಯ ಕ್ಲಿಪ್ಪು ಬೇಕೆಂದಳು. ಸಾಲಿಹಾ ಪೇಟೆಯಲ್ಲಿ ಹುಡುಕಿ ಹೂವಿನದ್ದು ತಂದಳು. ಚಿಟ್ಟೆಯದ್ದೂ ಅಲ್ಲೇ ಇತ್ತು.

ರಾತ್ರಿ ಮಲಗುವಾಗ ಆ ಹುಡುಗಿಯ ತಪ್ಪುಗಳನ್ನು ಒಂದೊಂದಾಗಿ ಹುಡುಕುವುದು ಅವಳಿಗೆ ಅಭ್ಯಾಸವಾಯಿತು. ಮದುವೆ ಆಗಿಲ್ಲ. ಮಗು ಹೆತ್ತಿಲ್ಲ. ಜ್ವರ ಬಂದ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಬೆಳಗು ಮಾಡಿಲ್ಲ. ಶನಿವಾರ ಒಂದು ಗಂಟೆ ಚಾಪೆಯ ಮೇಲೆ ಕೂತರೆ ಮಕ್ಕಳು ಯಾರಿಗೆ ತಾನೇ ನಗುವುದಿಲ್ಲ? ಮತ್ತೆ ಆ ತೋಳು. ಬಟ್ಟೆಯ ಅಡ್ಡನೂಲು ನೋಡದೆ ಕತ್ತರಿಸಿದ್ದು. ಅದನ್ನು ನೆನೆಸಿಕೊಂಡರೆ ಸ್ವಲ್ಪ ನಿದ್ದೆ ಬರುತ್ತಿತ್ತು.

ಮದುವೆಯ ಸೀಸನ್, ಹೊಲಿಗೆ ತುಂಬ ಉಂಟು, ಈ ವಾರ ಬರ್ಲಿಕ್ಕಾಗುವುದಿಲ್ಲ ಎಂದು ಅವಳು ವಿಸ್ಮಿತಾಳಿಗೆ ಫೋನ್ ಮಾಡಿದಳು. ರಂಜಾನ್ ಹತ್ತಿರ ಬಂದಿತ್ತು, ಮದುವೆಗಳೆಲ್ಲ ಮುಗಿದಿದ್ದವು. ಮುಂದಿನ ವಾರವೂ ಅದನ್ನೇ ಹೇಳಿದಳು. ಆ ಶನಿವಾರ ಮಧ್ಯಾಹ್ನ ಶಹಲಾ ಚಪ್ಪಲಿ ಹಾಕಿಕೊಂಡು, ಗುಂಡಿ ಡಬ್ಬಿ ಮಡಿಲಲ್ಲಿಟ್ಟು, ಜಗಲಿಯಲ್ಲಿ ಕೂತಿದ್ದಳು. ಬಸ್ಸಿನ ಹೊತ್ತು ಮೀರಿತು. ಅವಳು ಚಪ್ಪಲಿ ಬಿಚ್ಚಿ, ಜೋಡಿಸಿ ಇಟ್ಟು ಒಳಗೆ ಹೋದಳು.

ಸೋಮವಾರ ಟೀಚರ್ ಹೇಳಿದರು: ಈಚೆಗೆ ಹಾಜರಿಗೆ ಕೈ ಎತ್ತುತ್ತಿದ್ದವಳು ಮತ್ತೆ ಎತ್ತುತ್ತಿಲ್ಲ. ನೀರು ಕುಡಿಯುತ್ತಿಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದಲ್ಲ, ಅದಕ್ಕೆ.

ಆ ಸಂಜೆ ಝಕರಿಯಾನಿಗೆ ವಾಯ್ಸ್ ಕಳಿಸಲೆಂದು ಸಾಲಿಹಾ ಫೋನ್ ತೆಗೆದಳು. ಗಲ್ಫಿನ ಮನೆಗಳಲ್ಲಿ ಕಾಗದ ಹೋದ ಮೇಲೆ ವಾಯ್ಸ್ ಬಂದಿದೆ. ಅಕ್ಕಿ ಮುಗಿದದ್ದು, ಹಲ್ಲು ಬಿದ್ದದ್ದು, ಎಲ್ಲವೂ ಸ್ವರವಾಗಿ ಹೋಗುತ್ತದೆ. ಆದರೆ ಪಟ್ಟಿಯ ಮೇಲ್ತುದಿಯಲ್ಲಿ ಇದ್ದದ್ದು ಝಕರಿಯಾ ಅಲ್ಲ, ವಿಸ್ಮಿತಾ. ಶನಿವಾರ ಮಧ್ಯಾಹ್ನ ಅವಳಿಗೆ ಒಂದು ವಾಯ್ಸ್ ಹೋಗಿತ್ತು. ಸಾಲಿಹಾ ಕಳಿಸಿದ್ದಲ್ಲ. ಒತ್ತಿದಳು.

ಮೊದಲು ಹೊಲಿಗೆ ಯಂತ್ರದ ಸದ್ದು ದೂರದಲ್ಲಿ. ಆಮೇಲೆ, ಬಾಯಿ ಫೋನಿಗೆ ತಾಗಿಸಿ ಆಡಿದ ಮಾತು:

"ಮಿಸ್, ನಾನು ಶಹಲಾ. ಉಮ್ಮನಿಗೆ ಕೆಲಸ ಇಲ್ಲ. ಹಳೇ ಬಟ್ಟೆ ಹೊಲಿತಾ ಇದ್ದಾರೆ. ಅವರಿಗೆ ಬೇಜಾರು. ನೀವು ಅವರನ್ನು ಹೊರಗೆ ಕೂರಿಸ್ತೀರಲ್ಲ, ಅದಕ್ಕೆ. ಉಮ್ಮನಿಗೂ ಒಂದು ಚಾನ್ಸ್ ಕೊಡಿ ಮಿಸ್."

ಸಾಲಿಹಾ ಮತ್ತೆ ಒತ್ತಿದಳು. ಮತ್ತೆ ಒತ್ತಿದಳು. ಫೋನಿನೊಳಗೆ ಮಗಳ ಸ್ವರ ತನ್ನದರ ಹಾಗೆ ಇರಲಿಲ್ಲ. ತೆಳ್ಳಗೆ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗುವಂಥದ್ದು. ಅದು ಝಕರಿಯಾನ ತಾಯಿಯ ಸ್ವರ. ಇಷ್ಟು ವರ್ಷ ಕೇಳಿಯೂ ಅವಳಿಗೆ ಅದು ಗೊತ್ತಾಗಿರಲಿಲ್ಲ. ಕಿವಿಯೊಳಗೆ ಬಿದ್ದ ಪಿಸುಮಾತಿಗೆ ಯಾರ ಸ್ವರವೂ ಇರುವುದಿಲ್ಲ.

ಇದನ್ನು ಝಕರಿಯಾನಿಗೆ ಕಳಿಸಿದರೆ? ಬೆರಳು ಅವನ ಹೆಸರಿನ ಮೇಲೆ ನಿಂತಿತು. ಅಷ್ಟರಲ್ಲಿ ಬಾಗಿಲಲ್ಲಿ ಶಹಲಾ ಕಂಡಳು.

"ಉಪ್ಪನಿಗೆ ಕಳಿಸ್ಲಾ?"

ಶಹಲಾ ಯೋಚಿಸಿದಳು. "ಬೇಡ. ಉಪ್ಪನಿಗೆ ನಾನೇ ಹೇಳ್ತೇನೆ. ಆಮೇಲೆ."

ಸಾಲಿಹಾ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

ಮುಂದಿನ ಶನಿವಾರ ಮಹಡಿ ಹತ್ತಿದವಳೇ, ಸಲಾಮಿಗೂ ಮೊದಲು, "ನಿಮ್ಮ ಆ ನೀಲಿ ಕುರ್ತಾದ ಎಡತೋಳು ಸರಿಯಿಲ್ಲ. ತಂದುಕೊಡಿ, ಬಿಚ್ಚಿ ಹೊಲಿದು ಕೊಡ್ತೇನೆ" ಎಂದಳು.

ವಿಸ್ಮಿತಾ ತೋಳನ್ನು ನೋಡಿಕೊಂಡಳು. ಅಂದು ತೊಟ್ಟದ್ದು ಹಸಿರು. "ಯಾವಾಗಿನಿಂದ ನೋಡ್ತಾ ಇದ್ರಿ?"

"ಮೊದಲನೇ ದಿನದಿಂದ."

"ಇಷ್ಟು ತಿಂಗಳು ಹೇಳ್ಲೇ ಇಲ್ವಾ?"

"ಹೇಳಿದ್ರೆ ಸರಿ ಮಾಡಿಕೊಳ್ತಿದ್ರಿ. ನನಗೆ ಅದೊಂದು ಸಮಾಧಾನ ಇತ್ತು."

ವಿಸ್ಮಿತಾ ನಗಲಿಲ್ಲ. ಕುರ್ಚಿ ಎಳೆದು ಹತ್ತಿರ ಕೂತಳು. "ಸಾಲಿಹಾಕ್ಕ, ಅವಳ ವಾಯ್ಸ್ ಬಂದದ್ದು ನಿಮಗೂ ಗೊತ್ತಾಗಿರ್ಬೇಕು. ತಪ್ಪು ನನ್ನದೂ ಉಂಟು. ಹೊರಗೆ ಹೋಗಿ ಅಂತ ಹೇಳಿದೆ, ಹೊರಗೆ ಕೂತವರಿಗೆ ಎಂತ ಆಗ್ತದೆ ಅಂತ ಕೇಳ್ಲಿಲ್ಲ."

"ಕೇಳಿದ್ರೂ ನಾನು ಹೇಳ್ತಿರಲಿಲ್ಲ. ಉರಿ ಅಂತ ಹೇಳ್ಲಿಕ್ಕಾಗ್ತದಾ?"

"ಈಗ ಹೇಳಿದ್ರಲ್ಲ."

ಅಂದು ಮೂವರೂ ಚಾಪೆಯ ಮೇಲೆ ಕೂತು ಆಡಿದರು. ಕೆಂಪು ಗುಂಡಿಗೆ ಕೊನೆಗೂ ಹೆಣ್ಣು ಸಿಕ್ಕಿತು. ಹೊರಡುವಾಗ ವಿಸ್ಮಿತಾ ಕೇಳಿದಳು: "ನನಗೆ ಅವಳು ವಾರಕ್ಕೆ ಒಂದು ಗಂಟೆ. ಮೀನಿನವರು ದಿನಾ ಬರ್ತಾರಲ್ಲ? ಅಲ್ಲಿ ಒಂದು ನೋಡುವ. ಮಾತು ನೀವು ಶುರು ಮಾಡಿ, ಅರ್ಧದಲ್ಲಿ ಬಿಟ್ಟು ಒಳಗೆ ಹೋಗಿ. ಉಳಿದದ್ದು ಅವಳು ಹೇಳಿದ್ರೆ ಹೇಳ್ಲಿ, ಇಲ್ಲದಿದ್ರೆ ಇಲ್ಲ. ತಿರುಗಿ ಮಾತ್ರ ನೋಡ್ಬೇಡಿ."

"ಅವಳಿಗೆ ಕಷ್ಟ ಆಗ್ಲಿಕ್ಕಿಲ್ವಾ?"

"ಅವಳನ್ನು ಕೇಳಿದೆ. ಆಗಬಹುದಂತೆ. ಉಮ್ಮ ಹೋಗ್ತಾರಾ ಅಂತ ಅವಳಿಗೆ ಅನುಮಾನ."

ರವೂಫನಿಗೆ ಸಾಲಿಹಾ ಮೊದಲೇ ಹೇಳಿಟ್ಟಳು. ಕೇಳಿದ ಮೇಲೆ ಸುಮ್ಮನೆ ಕಾಯಬೇಕು, ತಮಾಷೆ ಮಾಡಬಾರದು, ಬಾಯಿ ಬಂತು ಎಂದು ಓಣಿಗೆಲ್ಲ ಕೇಳುವಂತೆ ಕೂಗಬಾರದು.

"ನಾನು ಸುಮ್ಮನೆ ನಿಂತ್ರೆ ಮೀನು ಹಾಳಾಗಿದೆ ಅಂತ ಜನ ತಿಳ್ಕೊಳ್ತಾರೆ ಮಾರಾಯ್ತಿ."

"ಒಂದು ದಿನ ತಿಳ್ಕೊಳ್ಲಿ."

ಮೊದಲನೆಯ ಸಲ ಅದು ಕೆಟ್ಟಿತು. ರವೂಫ್ ಕೇಳಿದ. ಸಾಲಿಹಾ ಶುರು ಮಾಡಿ, ಬಟ್ಟಲು ಮಗಳ ಕೈಗೆ ಕೊಟ್ಟಳು. ಶಹಲಾಳ ತುಟಿ ತೆರೆಯಿತು. ಗಂಟಲಲ್ಲಿ ಏನೋ ಏರುವುದು ಸಾಲಿಹಾಳಿಗೆ ಕಂಡಿತು, ತನ್ನ ಗಂಟಲಲ್ಲೇ ಏರಿದಂತೆ. ಮರುಕ್ಷಣ ಅವಳ ಬಾಯಿಯೇ, "ಬಂಗುಡೆ" ಎಂದುಬಿಟ್ಟಿತು.

"ನಿನ್ನನ್ನು ಯಾರು ಕೇಳಿದ್ದು?" ಎಂದ ರವೂಫ್. "ನಾನು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡದ್ದು ನಿನ್ನ ಬಾಯಿ ನೋಡ್ಲಿಕ್ಕಾ?"

ಶಹಲಾ ಮೀನಿನ ಬಟ್ಟಲನ್ನು ತಾಯಿಯ ಕೈಗೆ ವಾಪಸು ಕೊಟ್ಟು ಒಳಗೆ ಹೋದಳು. ಮಗುವಿಗೆ ಕಷ್ಟವಾಗುವುದು ನೋಡಲಾರದೆ ಹೇಳಿದೆ ಎಂದು ಸಾಲಿಹಾ ಮೀನು ಕತ್ತರಿಸುತ್ತ ತನಗೇ ಹೇಳಿಕೊಂಡಳು. ಅದು ಸುಳ್ಳೆಂದು ಕತ್ತಿಗೂ ಗೊತ್ತಿತ್ತು. ಆ ಸ್ವರ ರವೂಫನಿಗೆ ಸಿಗುವುದು ಅವಳಿಗೆ ಬೇಕಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಸೇತುವೆಯ ಕಡೆಯಿಂದ ಪೋಂ ಎಂದಿತು. ಬೆಕ್ಕುಗಳು ಎದ್ದವು. ಯಂತ್ರ ನಿಂತಿತು. ಮೇಜಿನ ಮೇಲೆ, ಶನಿವಾರ ಕೇಳಿ ತಂದ ವಿಸ್ಮಿತಾಳ ನೀಲಿ ಕುರ್ತಾ ಎಡತೋಳು ಬಿಚ್ಚಿಸಿಕೊಂಡು ಬಿದ್ದಿತ್ತು. ಶಹಲಾ ಆಗಲೇ ಗೇಟಿನ ಹತ್ತಿರ ಇದ್ದಳು. ಕೂದಲಲ್ಲಿ ಚಿಟ್ಟೆಯ ಕ್ಲಿಪ್ಪು. ಹಿಂದಿನ ಸಂಜೆ ಸಾಲಿಹಾ ತಾನೇ ಪೇಟೆಗೆ ಹೋಗಿ ತಂದದ್ದು.

"ಇವತ್ತು ರಾಣಿಗೆ ಎಂತ ಬೇಕು?" ರವೂಫ್ ಕೇಳಿ, ಬಾಯಿ ಮುಚ್ಚಿ, ಎರಡೂ ಕೈಗಳನ್ನು ತಕ್ಕಡಿಯ ಮೇಲಿಟ್ಟು ನಿಂತ.

ಸಾಲಿಹಾ ಅವನ ಕಿವಿಯನ್ನು ನೋಡಿದಳು. ಅಂಚಿನಲ್ಲಿ ಬಿಳಿ ಕೂದಲು ಎದ್ದ, ಮೇಲೆ ಬೀಡಿ ಸಿಕ್ಕಿಸಿದ ದೊಡ್ಡ ಕಿವಿ. ತೂಕದಲ್ಲಿ ಒಂದು ದಿನವೂ ಒಂದು ಮೀನಿನ ತಲೆ ಹೆಚ್ಚು ಹಾಕದ ಮನುಷ್ಯ. ಓಣಿಯಲ್ಲಿ ಮಗಳ ಸ್ವರವನ್ನು ಮೊದಲು ಕೇಳುವ ಅದೃಷ್ಟ ಈ ಕಿವಿಗೆ. ಆ ಕಿವಿಯ ಮೇಲೆ ಅವಳಿಗೆ ಹೇಳಲಾರದಷ್ಟು ಹೊಟ್ಟೆಕಿಚ್ಚಾಯಿತು.

ಶಾಲಿನ ತುದಿಯನ್ನು ಈ ಸಲ ಯಾರೂ ಹಿಡಿದಿರಲಿಲ್ಲ. ಅವಳು ಬಟ್ಟಲನ್ನು ಮಗಳ ಕೈಗೆ ಕೊಟ್ಟಳು.

"ರವೂಫಾಕ, ನಮಗೆ ಇವತ್ತು ಅರ್ಧ ಕಿಲೋ," ಎಂದಳು ಸಾಲಿಹಾ, ತಿರುಗಿ ಜಗಲಿಯ ಕಡೆ ನಡೆಯುತ್ತ, ಹಿಂದೆ ನೋಡದೆ, "ಕಣ್ಣು ಕೆಂಪಾಗದ್ದು, ಅರ್ಧ ಕಿಲೋ..."